ಅವ್ವ ಗಾಲಿಗಿಡುತ್ತಿದ್ದ ಕಲ್ಲು

1976ರ ದೀಪಾವಳಿ ಮುಗಿದ ವಾರ, ವಿಜಾಪುರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಮನೆಯ ಮುಂದಿನಿಂದ ಅಪ್ಪನ ಹಳೆಯ ಕಾರು ಹೋಯಿತು. ಅದೇ ಜಾಗಕ್ಕೆ ಒಂದು ಜೀಪು ಬಂತು. ಕಾರು ಕೊಂಡವನು ಅದರ ಸೀಟು, ಗಾಜು, ಡಿಕ್ಕಿಯಲ್ಲಿದ್ದ ಸವೆದ ಟೈರು ಎಲ್ಲವನ್ನೂ ನೋಡಿ ಒಪ್ಪಿಕೊಂಡ. ಮುಂದಿನ ಎಡಸೀಟಿನ ಕೆಳಗೆ ಗೋಣಿತಟ್ಟಿನಲ್ಲಿ ಸುತ್ತಿಟ್ಟಿದ್ದ ಒಂದು ಕಲ್ಲನ್ನು ಮಾತ್ರ ಇಳಿಸಿ, "ಇದ್ಯಾಕ್ರಿ ನಮಗ?" ಎಂದು ಕಟ್ಟೆಯ ಮೇಲಿಟ್ಟು ಹೋದ.

ಆ ಕಲ್ಲು ಈಗ ನನ್ನ ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ತಡೆದು ಕೂತಿದೆ. ಕರಿಕಲ್ಲು. ಒಂದು ತುದಿ ದಪ್ಪ, ಇನ್ನೊಂದು ತುದಿ ಓರೆಯಾಗಿ ಕೊಯ್ದ ಬೆಲ್ಲದ ಹೆಂಟೆಯಂತೆ. ಓರೆಯ ಮೇಲೆ ಟೈರಿನ ಗೀರುಗಳು ಇನ್ನೂ ಕಾಣುತ್ತವೆ, ನನಗಾದರೂ ಕಾಣುತ್ತವೆ. ಬಂದವರು ಎಡವಿ, ಬೆರಳು ಹಿಡಿದುಕೊಂಡು, "ಇದೊಂದು ಯಾಕೆ ಇಟ್ಟುಕೊಂಡಿದ್ದೀರಿ?" ಎಂದು ಕೇಳುತ್ತಾರೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಸುದ್ದಿಯಿಂದ 'ಹೃದಯವಿದ್ರಾವಕ' ಎಂಬ ಪದವನ್ನು ಹೊಡೆದು ಹಾಕುವುದೇ ಉದ್ಯೋಗವಾಗಿದ್ದವಳಿಗೆ ಸ್ವಂತ ಮನೆಯ ಕಲ್ಲಿನ ಸುದ್ದಿಯನ್ನು ಹೇಗೆ ಬರೆಯಬೇಕೆಂದು ತಿಳಿಯುವುದಿಲ್ಲ. ಹಾಗಾಗಿ ಬಂದವರಿಗೆ ಚಹ ಕೊಟ್ಟು ಕಳಿಸುತ್ತೇನೆ. ನೀವು ಹೊರಗಿನವರಲ್ಲ, ನಿಮಗೆ ಹೇಳಬಹುದು.

ನಮ್ಮ ಊರಿನ ಹೆಸರು ಈಗ ವಿಜಯಪುರ. ಆಗ ವಿಜಾಪುರ ಎನ್ನುತ್ತಿದ್ದೆವು. ನೀವು ಬಂದಿದ್ದರೆ ನೋಡಿರುತ್ತೀರಿ, ರೊಟ್ಟಿ ತಟ್ಟಿ ಹರವಿದಂಥ ಊರು. ಗೋಳಗುಮ್ಮಟ ಅಷ್ಟು ದೂರದಿಂದ ಕಾಣುವುದಕ್ಕೆ ಅದರ ಎತ್ತರದಷ್ಟೇ ಸುತ್ತಲಿನ ನೆಲದ ಸಪಾಟೂ ಕಾರಣ. ಇಂಥ ಊರಿನಲ್ಲಿ ಇಳಿಜಾರು ಹುಡುಕಿಕೊಂಡು ಬದುಕಿದ ಮನೆತನ ನಮ್ಮದೊಂದೇ ಇರಬೇಕು. ಇಳಿಜಾರಿಗೆ ನಮ್ಮ ಕಡೆ ಉತಾರ ಎನ್ನುತ್ತಾರೆ. ಎಲ್ಲಿ ಎಷ್ಟು ಉತಾರವಿದೆ, ಯಾವ ಕಡೆಗೆ ಇದೆ ಎಂಬುದು ಅಕ್ಷರ ಬರುವ ಮೊದಲೇ ನನಗೆ ಬರುತ್ತಿತ್ತು. ಭೂಗೋಳದ ಪರೀಕ್ಷೆಯಲ್ಲಿ 'ತಿಕೋಟಾ ಯಾವುದಕ್ಕೆ ಪ್ರಸಿದ್ಧ?' ಎಂದು ಕೇಳಿದಾಗ ನಾನು 'ಉತಾರಕ್ಕೆ' ಎಂದು ಬರೆದೆ. ಕಲಿಸುವ ಬಾಯಿಯವರು ಇಡೀ ತರಗತಿಗೆ ಓದಿ ಹೇಳಿದರು. ದ್ರಾಕ್ಷಿ ಎಂದು ಬರೆದವರೆಲ್ಲ ನಕ್ಕರು.

ಕಾರಣ ಅಪ್ಪನ ಉದ್ಯೋಗ. ತಿಕೋಟಾದಲ್ಲಿ ಒಂದು ಟೆಂಟ್ ಟಾಕೀಸು ಇತ್ತು. ಹೊಸ ಸಿನಿಮಾ ಬಂದಾಗಲೆಲ್ಲ ಅದನ್ನು ತಿಕೋಟಾದಲ್ಲಿ, ಬಬಲೇಶ್ವರದಲ್ಲಿ ಕೂಗಿ ಹೇಳುವುದು ಅಪ್ಪನ ಕೆಲಸ. ಕಾರಿನ ತಲೆಯ ಮೇಲೆ ದತ್ತೂರಿ ಹೂವಿನಂಥ ಎರಡು ಭೋಂಗಾ, ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆ, ಅದರ ಪಕ್ಕ ನಾನು, ಮುಂದೆ ಒಂದು ಕೈಯಲ್ಲಿ ಮೈಕು ಹಿಡಿದ ಅಪ್ಪ. ಜನ ಅವನನ್ನು ಮೈಕ್ ಮಾಸ್ತರ ಎನ್ನುತ್ತಿದ್ದರು. ಮನೆಯಲ್ಲಿ ಅವನಷ್ಟು ಕಡಿಮೆ ಮಾತಿನ ಮನುಷ್ಯ ಇಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಹೇಳದೆ ಉಪ್ಪಿನ ಡಬ್ಬಿಯ ಕಡೆ ನೋಡುತ್ತಿದ್ದ. ಮೈಕು ಕೈಗೆ ಬಂದರೆ, "ನೋಡಿರಿ, ನೋಡಿರಿ, ಮರೆಯದೆ ನೋಡಿರಿ! ತಾಯಂದಿರಿಗೆ ಪ್ರತ್ಯೇಕ ಆಸನದ ವ್ಯವಸ್ಥೆ ಇದೆ!" ಭೋಂಗಾದೊಳಗೆ ಬೇರೆ ಒಬ್ಬ ಅಪ್ಪ ಇದ್ದಾನೆ ಎಂದು ನಾನು ಬಹಳ ದಿನ ನಂಬಿದ್ದೆ. ಅವನು ಹೆಚ್ಚು ಒಳ್ಳೆಯವನೆಂದೂ ಅನಿಸಿತ್ತು.

ಕಾರು ವಿಲಾಯತಿಯದು, ಬೂದು ಬಣ್ಣ, ಯಾರೋ ನಿವೃತ್ತ ಡಾಕ್ಟರರಿಂದ ಬಂದದ್ದು. ಅಪ್ಪ ಅದನ್ನು ಮುದುಕಿ ಎನ್ನುತ್ತಿದ್ದ. ಅದರ ಕಷ್ಟವೆಲ್ಲ ಬ್ಯಾಟರಿಯಲ್ಲಿತ್ತು. ಭೋಂಗಾಕ್ಕೂ ಕರೆಂಟು ಅದೇ ಬ್ಯಾಟರಿಯಿಂದ, ಕಾರು ಸ್ಟಾರ್ಟ್ ಆಗುವುದಕ್ಕೂ ಅದರಿಂದಲೇ. ಬ್ಯಾಟರಿ ಹೊಸದಿದ್ದಾಗ ಎರಡಕ್ಕೂ ಸಾಲುತ್ತಿತ್ತು. ಹಳೆಯದಾದ ಮೇಲೆ ಒಂದಕ್ಕೆ ಮಾತ್ರ. ಅಪ್ಪ ಅರ್ಧ ತಾಸು ಕೂಗಿದನೆಂದರೆ ಮುದುಕಿ ಏಳುತ್ತಿರಲಿಲ್ಲ. ಆದ್ದರಿಂದ ಕೂಗುವ ಮುನ್ನ ಉತಾರ ಹುಡುಕಿ, ಮೂತಿ ಕೆಳಗೆ ಮಾಡಿ ನಿಲ್ಲಿಸಬೇಕು. ಕೂಗಿ ಮುಗಿದ ಮೇಲೆ ಗಾಡಿಯನ್ನು ತಾನಾಗಿ ಉರುಳಲು ಬಿಡಬೇಕು. ಉರುಳುವಾಗ ಗೇರ್ ಹಾಕಿದರೆ ಒಮ್ಮೆ ಕೆಮ್ಮಿ ಎದ್ದುಬಿಡುತ್ತಿತ್ತು.

ಉರುಳಬೇಕಾದಾಗ ಉರುಳುವ ಗಾಡಿ ಅಲ್ಲಿಯವರೆಗೆ ನಿಲ್ಲಲೂ ಬೇಕಲ್ಲ. ಹ್ಯಾಂಡ್ ಬ್ರೇಕು ಎಂಬ ಒಂದು ಸರಳು ಇತ್ತು. ಎಳೆದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಅದಕ್ಕೂ ಗಾಲಿಗೂ ಮಾತುಕತೆ ನಿಂತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಕಲ್ಲು. ಮೊದಮೊದಲು ಅಪ್ಪನ ಗೆಳೆಯನೊಬ್ಬ ಜೊತೆಗೆ ಹೋಗಿ ಕಲ್ಲಿಡುತ್ತಿದ್ದ. ಅವನು ಲಾರಿ ಹತ್ತಿ ಸೊಲ್ಲಾಪುರಕ್ಕೆ ಹೋದ. ಇನ್ನೊಬ್ಬ ಬಂದ, ಕಲ್ಲಿಟ್ಟು ಬೀಡಿ ಸೇದಲು ಹೋದವನು ಕಲ್ಲು ತೆಗೆಯಲು ಬರಲಿಲ್ಲ. ಒಂದು ಶನಿವಾರ ಯಾರೂ ಸಿಗದೆ ಅಪ್ಪ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದಾಗ ಅವ್ವ ಒಳಗಿನಿಂದ ಬಂದು, "ಕಲ್ಲು ಇಡಾಕ ಏನ್ ಸಾಲಿ ಕಲ್ತಿರಬೇಕೇನ್ರಿ? ನಾ ಬರ್ತೇನಿ" ಎಂದಳು.

ಇದು ಸಣ್ಣ ಮಾತಲ್ಲ. ನಮ್ಮ ಮನೆಯಲ್ಲಿ ಆಯಿ ಇದ್ದಳು, ಅಪ್ಪನ ತಾಯಿ. ಮನೆಯ ಹೆಣ್ಣುಮಕ್ಕಳು ಗುಡಿಗೆ ಹೋಗಬಹುದು, ನೀರಿಗೆ ಹೋಗಬಹುದು, ಬೀಗರ ಮದುವೆಗೆ ಹೋಗಬಹುದು. ಅದರಾಚೆಗೆ ಹೊಸ್ತಿಲು ದಾಟಬೇಕಾದರೆ ಆಯಿಗೆ ಕಾರಣ ಹೇಳಬೇಕು, ಆ ಕಾರಣ ಆಯಿಗೆ ಒಪ್ಪಿಗೆಯಾಗಬೇಕು. ಅವ್ವ ಮದುವೆಯಾಗಿ ಬಂದಂದಿನಿಂದ ಆಯಿಗೆ ಒಪ್ಪಿಗೆಯಾದ ಮೊದಲ ಕಾರಣ ಈ ಕಲ್ಲು. ಆಯಿ ಸ್ವಲ್ಪ ಹೊತ್ತು ಅಡಿಕೆ ಕತ್ತರಿಸಿದಳು. ಆಮೇಲೆ, "ಹೊಟ್ಟಿಪಾಡು ಐತಿ, ಹೋಗು. ಸೆರಗು ತಲಿ ಮ್ಯಾಲಿರಲಿ" ಎಂದಳು.

ಅಂದಿನಿಂದ ಪ್ರತಿ ಶನಿವಾರ ನನ್ನ ಅರ್ಧ ದಿನದ ಶಾಲೆ ಮುಗಿದ ಮೇಲೆ ಅವ್ವ ಸೀರೆ ಬದಲಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕಲ್ಲು ಇಡಾಕ ಹೊಂಟೇನ್ರಿ ಅತ್ತೀ" ಎನ್ನುತ್ತಿದ್ದಳು. ಆಯಿ ತಲೆಯಾಡಿಸುತ್ತಿದ್ದಳು. ಆಚೆ ಮನೆಯ ಗಂಗಕ್ಕ ಮಾತ್ರ ಬಿಡುತ್ತಿರಲಿಲ್ಲ.

"ಏನ ಬೇ ನೀಲವ್ವಾ, ಗಂಡನ ಸಂಗಾಟ ಸಿನಿಮಾ ಕೂಗಾಕ ಹೊಂಟಿಯೇನ?"

"ಅವರು ಕೂಗ್ತಾರ, ನಾ ಕಲ್ಲ ಇಡತೇನಿ."

"ಹಂಗಾರ ನಮ್ಮ ಮನಿಯವ್ರ ಬಾಯಿಗೂ ಒಂದ್ ಇಟ್ಟು ಹೋಗು ತಾಯಿ!"

ತಿಕೋಟಾದಲ್ಲಿ ಊರ ಅಂಚಿಗೆ ಒಂದು ದಿನ್ನೆ ಇತ್ತು. ಅದೇ ನಮ್ಮ ಜಾಗ. ಕಾರು ನಿಲ್ಲುವ ಮುನ್ನವೇ ಅವ್ವ ಕಲ್ಲು ಹಿಡಿದು ಬಾಗಿಲು ತೆರೆದಿರುತ್ತಿದ್ದಳು. ಇಳಿದು, ಬಗ್ಗಿ, ಓರೆಯ ತುದಿಯನ್ನು ಮುಂಗಾಲಿಯ ಕೆಳಗೆ ಸರಿಸಿ, ಅಂಗೈಯಿಂದ ಒಂದು ಏಟು ಕೊಡುತ್ತಿದ್ದಳು. "ಆತ್ರಿ." ಅಪ್ಪ ಬ್ರೇಕಿನಿಂದ ಕಾಲು ತೆಗೆದು ಮೈಕು ತೆಗೆದುಕೊಳ್ಳುತ್ತಿದ್ದ.

ಅಪ್ಪ ಕೂಗುವಷ್ಟು ಹೊತ್ತು ಅವ್ವನಿಗೆ ಕೆಲಸವಿಲ್ಲ. ದಿನ್ನೆಯ ಮೇಲೆ ಒಂದು ಮನೆ, ಅದರ ಬಾಗಿಲಲ್ಲಿ ಕೂತು ಕೌದಿ ಹೊಲಿಯುವ ಬೀಬಿಜಾನ್ ಎಂಬ ಹೆಂಗಸು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆಗಳು. ಸುತ್ತಲಿನ ಊರುಗಳಿಂದ ಜನ ಬಟ್ಟೆ ತಂದುಕೊಟ್ಟು ಹೊಲಿಸುತ್ತಿದ್ದರು. ಮೊದಲ ವಾರ ಅವ್ವ ನೆರಳಿಗೆಂದು ಅವಳ ಕಟ್ಟೆಗೆ ಹೋದಳು. ಎರಡನೆಯ ವಾರ ನೀರು ಕೇಳಲು ಹೋದಳು. ಆಮೇಲೆ ನೆಪವೇ ಬೇಕಾಗಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಇಬ್ಬರೂ ಒಂದೇ ಕೌದಿಯ ಎರಡು ತುದಿ ಹಿಡಿದು ಹೊಲಿಯುತ್ತಿದ್ದರು. ಆ ಕೌದಿ ಯಾರದೂ ಅಲ್ಲ, ಇಬ್ಬರದು. ಅವ್ವ ಮನೆಯಿಂದ ತುಂಡುಗಳ ಗಂಟು ಒಯ್ಯುತ್ತಿದ್ದಳು. ಬೀಬಿಜಾನ್ ತನ್ನವು ಸೇರಿಸುತ್ತಿದ್ದಳು.

"ನೀಲಕ್ಕ, ನಿಮ್ಮ ಮಾಸ್ತರ ಮನ್ಯಾಗೂ ಹಿಂಗ ಒದರ್ತಾರೇನ?"

"ಮನ್ಯಾಗ ಬ್ಯಾಟರಿ ಇಲ್ಲವಾ."

"ನಮ್ಮವ್ರಿಗೆ ಬ್ಯಾಟರಿ ಬ್ಯಾಡ, ಬರೇ ಸಾರಿಗಿ ಉಪ್ಪು ಕಡಿಮಿ ಆದ್ರ ಸಾಕು. ಬಬಲೇಶ್ವರ ತನಕ ಕೇಳತೈತಿ!"

ಅವ್ವ ಸೂಜಿ ಬಿಟ್ಟು, ಸೆರಗು ಬಾಯಿಗಿಟ್ಟು, ಬಗ್ಗಿ ಬಗ್ಗಿ ನಗುತ್ತಿದ್ದಳು. ಅವ್ವ ನಗುವುದನ್ನು ನಾನು ನೋಡಿದ್ದು ಹೆಚ್ಚಾಗಿ ತಿಕೋಟಾದಲ್ಲಿ.

ಹೊರಡುವ ಹೊತ್ತು ಬಂದರೆ ಇನ್ನೊಂದು ಆಟ. ಕಲ್ಲು ತೆಗೆದ ಕೂಡಲೇ ಕಾರು ಉರುಳುತ್ತದೆ, ಯಾರಿಗೂ ಕಾಯುವುದಿಲ್ಲ. ಅವ್ವ ಕಲ್ಲು ಕಿತ್ತು ಬಗಲಿಗೆ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ನಿರಿಗೆ ಎತ್ತಿ ಹಿಡಿದು, ಓಡಿ ಬಂದು ಹತ್ತಬೇಕು. ಹೊಲದಿಂದ ಬರುವ ಗಂಡಸರು ನಿಂತು ನೋಡುತ್ತಿದ್ದರು. ಬೀಬಿಜಾನ್ ಮೇಲಿನಿಂದ "ಓಡ ಬೇ, ಓಡ!" ಎಂದು ಕೂಗುತ್ತಿದ್ದಳು. ಅವ್ವ ದೊಪ್ಪನೆ ಸೀಟಿಗೆ ಬಿದ್ದು, ಕಲ್ಲನ್ನು ಕಾಲ ಬುಡದಲ್ಲಿಟ್ಟು, ಏದುಸಿರು ಬಿಡುತ್ತ, ಕೆಂಪಾದ ಮುಖದಿಂದ ಹಿಂತಿರುಗಿ ನನ್ನನ್ನು ನೋಡುತ್ತಿದ್ದಳು. ತಲೆಯ ಮೇಲೆ ಸೆರಗಿರುತ್ತಿರಲಿಲ್ಲ. ಅಪ್ಪ ರಸ್ತೆ ನೋಡುತ್ತಿದ್ದ. ಅವನು ನೋಡಬೇಕಾದದ್ದೂ ರಸ್ತೆಯನ್ನೇ.

ಬಬಲೇಶ್ವರದಲ್ಲಿ ಒಂದು ಬೇವಿನ ಮರದ ಹತ್ತಿರ ಸಣ್ಣ ಏರು ಇತ್ತು. ಅಲ್ಲಿ ಗೆಳತಿ ಯಾರೂ ಇರಲಿಲ್ಲ. ಅವ್ವ ಮರದ ಬುಡದಲ್ಲಿ ಕೂತು ತಂದ ರೊಟ್ಟಿ ಬಿಚ್ಚುತ್ತಿದ್ದಳು. ಶೇಂಗಾ ಹಿಂಡಿ ಹಚ್ಚಿ ಸುತ್ತಿ ಒಂದನ್ನು ನನ್ನ ಕೈಗೆ, ಒಂದನ್ನು ಕಿಟಕಿಯಿಂದ ಅಪ್ಪನ ಕೈಗೆ ಕೊಡುತ್ತಿದ್ದಳು. ಅಪ್ಪ ಒಮ್ಮೆ ಮೈಕು ಬಂದ್ ಮಾಡುವುದನ್ನು ಮರೆತು ಅಗಿದದ್ದು ಇಡೀ ಬಬಲೇಶ್ವರಕ್ಕೆ ಕೇಳಿತು.

1976ರ ಬೇಸಿಗೆಯಿಂದ ಮುದುಕಿಗೆ ದಿನ ಕಳೆಯುವುದು ಕಷ್ಟವಾಯಿತು. ಬ್ಯಾಟರಿಯನ್ನು ಚಾರ್ಜಿಗೆಂದು ಅಂಗಡಿಗೆ ಹೊತ್ತೊಯ್ದು ತಂದರೆ ಒಂದು ಊರಿನ ಕೂಗಿಗೂ ಸಾಲುತ್ತಿರಲಿಲ್ಲ. ಅಂಗಡಿಯವನು ಮುಚ್ಚಳ ಬಿಚ್ಚಿ, "ಒಳಗ ಏನೂ ಉಳಿದಿಲ್ರಿ ಮಾಸ್ತರ. ನೀರ ಹಾಕೂದು ನಿಮ್ಮ ಸಮಾಧಾನಕ್ಕಷ್ಟ" ಎಂದ. ಅಪ್ಪನ ಪ್ಯಾಂಟುಗಳಿಗೆಲ್ಲ ಬ್ಯಾಟರಿಯ ಆ್ಯಸಿಡ್ ಸಿಡಿದು ತೂತುಗಳು. ಹಾಳಾದ ಪ್ಯಾಂಟುಗಳೂ ಕೌದಿಗೆ ಸೇರಿದವು.

ದಸರೆಯ ಸುಮಾರಿಗೆ ಒಂದು ಶನಿವಾರ ಹೋಗುವ ಸರದಿಯನ್ನು ಅಪ್ಪ ತಿರುಗಿಸಿದ. ಮೊದಲು ಬಬಲೇಶ್ವರ, ಆಮೇಲೆ ತಿಕೋಟಾ. ಬಬಲೇಶ್ವರದ ಬೇವಿನ ಮರದ ಕೆಳಗೆ ಅಂದು ಎತ್ತಿನ ಚಕ್ಕಡಿಗಳು ತುಂಬಿದ್ದವು. ಅಪ್ಪ ಕಾಯಲಿಲ್ಲ. ಸಪಾಟು ಜಾಗದಲ್ಲಿ ನಿಲ್ಲಿಸಿ ಕೂಗಿಬಿಟ್ಟ. ಮುಗಿದ ಮೇಲೆ ಗಾಡಿ ಏಳಲಿಲ್ಲ. ಹತ್ತು ಜನ ಕೂಡಿ ನೂಕಿದರು. ಬ್ಯಾಟರಿ ಎಷ್ಟು ಖಾಲಿಯಾಗಿತ್ತೆಂದರೆ ನೂಕಿದರೂ ಏಳಲಿಲ್ಲ. ಕೊನೆಗೆ ಯಾರದೋ ಟ್ರ್ಯಾಕ್ಟರಿನ ಬ್ಯಾಟರಿ ತಂದು ಹಚ್ಚುವ ಹೊತ್ತಿಗೆ ಕತ್ತಲಾಗಿತ್ತು. ತಿಕೋಟಾದಲ್ಲಿ ಕೂಗು ಆಗಲಿಲ್ಲ. ಹೊಸ ಸಿನಿಮಾ, ಖಾಲಿ ಟೆಂಟು.

ಟೆಂಟಿನ ಸಾಹುಕಾರರು ಮರುದಿನ ಮನೆಗೇ ಬಂದರು. ಕಟ್ಟೆಯ ಮೇಲೆ ಕೂತು ಅವ್ವ ಕೊಟ್ಟ ಚಹ ಕುಡಿದು, ಕಪ್ಪು-ಬಸಿ ಕೆಳಗಿಟ್ಟು, "ಮಾಸ್ತರ, ನಿಮ್ಮ ದನಿ ಬಗ್ಗೆ ನಂದೇನ ತಕರಾರಿಲ್ಲ. ದೀಪಾವಳಿ ತನಕ ನೋಡ್ತೇನಿ. ಒಂದೋ ನೀವು ಗಾಡಿ ಬದಲ ಮಾಡ್ರಿ, ಇಲ್ಲಾ ನಾ ಮಂದಿ ಬದಲ ಮಾಡತೇನಿ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಅಪ್ಪ ಅಂದು ಊಟ ಮಾಡಲಿಲ್ಲ.

ಎರಡು ದಾರಿ ಇದ್ದವು. ಹೊಸ ಬ್ಯಾಟರಿ ಹಾಕಿಸಿ ಮುದುಕಿಯನ್ನೇ ಇಟ್ಟುಕೊಳ್ಳುವುದು. ಇಲ್ಲವೆ ಕಾರು ಕೊಟ್ಟು, ಅವ್ವನ ಅಣ್ಣ ನೋಡಿಟ್ಟಿದ್ದ ಹಳೆಯ ಜೀಪು ತರುವುದು. ಅಪ್ಪನ ಮನಸ್ಸು ಕಾರಿನ ಕಡೆಗಿತ್ತು. ಅವನು ಒಂದು ವಾರ ಬಾನೆಟ್ ಎತ್ತುವುದು, ಇಳಿಸುವುದು, ಅದರ ಸುತ್ತ ಪ್ರದಕ್ಷಿಣೆ ಹಾಕುವುದು ಮಾಡಿದ. ಆಯಿ, "ಹೆಣ್ಣು ನೋಡಾಕ ಹ್ವಾದಾಗೂ ಇಷ್ಟ ನೋಡಿದ್ದಿಲ್ಲ ನೀ" ಎಂದಳು.

ಒಂದು ಮಧ್ಯಾಹ್ನ ಅವನು ಒಳಗೆ ಬಂದು ಅವ್ವನನ್ನು ಕೇಳಿದ. ಅವ್ವನನ್ನು ಏನಾದರೂ ಕೇಳಿದ್ದು ಅಪರೂಪ. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ, ಅದಕ್ಕೇ ಮಾತು ಮಾತಾಗಿ ನೆನಪಿದೆ.

"ಏನ್ ಮಾಡೂಣು? ನಿನಗೇನ ಅನಸ್ತೈತಿ?"

ಅವ್ವ ಒಲೆಯ ಕಡೆಗೇ ಮುಖ ಮಾಡಿ, "ಗಾಡಿ ಇರಲಿ ಬಿಡ್ರಿ. ಬ್ಯಾಟರಿ ಅಷ್ಟ ಹೊಸಾದು ಹಾಕ್ರಿ" ಎಂದಳು.

"ಬ್ಯಾಟರಿ ಹಾಕಬಹುದು. ಬ್ರೇಕ? ಅದರ ಸಾಮಾನ ಎಲ್ಲೂ ಸಿಗಂಗಿಲ್ಲ ಅಂತಾನ ಮೇಸ್ತ್ರಿ."

"ಬ್ರೇಕಿಗೆ ನಾ ಇದ್ದೇನಲ್ರಿ."

ಅಪ್ಪ ಅವಳ ಬೆನ್ನನ್ನು ನೋಡುತ್ತ ನಿಂತು ಹೊರಗೆ ಹೋದ. ಕಟ್ಟೆಯ ಮೇಲೆ ಆಯಿ ಇದ್ದಳು. ಅವನು ಅವಳಿಗೆ ಹೇಳಿದ್ದು ನನಗೆ ಕಿಟಕಿಯಿಂದ ಕೇಳಿತು.

"ಯವ್ವಾ, ಜೀಪನ ತರ್ತೇನಿ. ಪಾಪ, ಅಕಿ ಎಷ್ಟಂತ ಕಲ್ಲ ಹೊತಗೊಂಡು ಓಡ್ಯಾಳು. ನಾಕು ಮಂದಿ ಮುಂದ ಸೀರಿ ಎತ್ತಿಕೊಂಡು ಓಡತಾಳ, ಒಂದಿನಾನೂ ಬ್ಯಾಡ ಅಂದಿಲ್ಲ. ಈಗೂ 'ನಾ ಇದ್ದೇನಿ' ಅಂತಾಳ."

"ಹೌದಪಾ, ಅದರ ಜೀವಕ್ಕೂ ಒಂದೀಟು ಆರಾಮ ಬೇಕು" ಎಂದಳು ಆಯಿ.

ಅವರಿಬ್ಬರೂ ಅವ್ವನ ಬಗ್ಗೆ ಅಷ್ಟು ಮೃದುವಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಓಡಿ ಹೋಗಿ ಅವ್ವನಿಗೆ ಹೇಳಿದೆ. ಸಂತೋಷಪಡುತ್ತಾಳೆಂದುಕೊಂಡಿದ್ದೆ. ಅವಳು ಒಲೆಯೊಳಗಿನ ಕಟ್ಟಿಗೆಯನ್ನು ಮುಂದಕ್ಕೆ ನೂಕಿ, "ಅವರಿ ಲಗೂನ ಸುಲಿ" ಎಂದಳು.

ಜೀಪಿಗೆ ಒಳ್ಳೆಯ ಬ್ಯಾಟರಿ ಇತ್ತು. ಅದಕ್ಕಿಂತ ಒಳ್ಳೆಯ ಹ್ಯಾಂಡ್ ಬ್ರೇಕು ಇತ್ತು. ಅಪ್ಪ ಅದನ್ನು ಎಳೆದು, ಎಲ್ಲರೂ ಬಂದು ನೂಕಿ ನೋಡಿ ಎಂದ. ಗಂಗಕ್ಕನ ಗಂಡ ನೂಕಿದರು, ಅಲುಗಲಿಲ್ಲ. ಅವ್ವ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ವಾಡಿಕೆಯಂತೆ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟಳು. ಎಡ ಮುಂಗಾಲಿಯ ಕೆಳಗೆ ಇಡುವಾಗ ಹಣ್ಣನ್ನು ಒಳಗೆ ಸರಿಸಿ ಅಂಗೈಯಿಂದ ಒಂದು ಏಟು ಕೊಟ್ಟಳು.

"ಆತ್ರಿ."

ಜೀಪು ಹಣ್ಣಿನ ಮೇಲೆ ಹಾದು ಹೋಯಿತು.

ಮುಂದಿನ ಶನಿವಾರ ಅವ್ವ ಸೀರೆ ಬದಲಿಸಲಿಲ್ಲ. ಅಪ್ಪ ಹೊರಡುವಾಗ, "ಇನ್ನ ನಿನಗ ಆ ಕಲ್ಲಿನ ದಗದ ಇಲ್ಲ. ಆರಾಮ ಕೂಡು" ಎಂದು ನಕ್ಕ. ಕಾಳಜಿಯಿಂದಲೇ ಹೇಳಿದ. ಅವ್ವ ತುಂಡುಗಳ ಗಂಟನ್ನು ಅವನ ಕೈಗೆ ಕೊಟ್ಟು, ಬೀಬಿಜಾನಳಿಗೆ ಮುಟ್ಟಿಸಬೇಕೆಂದಳು. ಅಪ್ಪ ಸಂಜೆ ಗಂಟನ್ನು ಹಾಗೆಯೇ ವಾಪಸು ತಂದ. ಜೀಪು ಎಲ್ಲಿ ಬೇಕಾದರೂ ನಿಲ್ಲುತ್ತಿದ್ದುದರಿಂದ ಅವನು ನೇರ ಪೇಟೆಯ ನಡುವೆಯೇ ನಿಲ್ಲಿಸಿ ಕೂಗಿದ್ದ. ಊರ ಅಂಚಿನ ದಿನ್ನೆಗೆ ಹೋಗುವ ಪ್ರಮೇಯ ಬಂದಿರಲಿಲ್ಲ. "ಮುಂದಿನ ವಾರ ಕೊಡತೇನಿ" ಎಂದ. ಮುಂದಿನ ವಾರವೂ ಪೇಟೆಯಲ್ಲೇ ನಿಂತ. ಆಮೇಲೆ ಅವ್ವ ಗಂಟು ಕೊಡಲಿಲ್ಲ.

ಬಹಳ ದಿನಗಳ ಮೇಲೆ ಪೇಟೆಯಲ್ಲಿ ಬೀಬಿಜಾನಳೇ ಅಪ್ಪನನ್ನು ಹಿಡಿದಳಂತೆ. "ನೀಲಕ್ಕ ಎಲ್ಲ್ಯದಾಳ್ರಿ ಮಾಸ್ತರ? ಆರಾಮ ಇಲ್ಲೇನ?" ಅಪ್ಪ, "ಇಲ್ಲವಾ, ಈಗ ಭಾಳ ಆರಾಮ ಅದಾಳ" ಎಂದನಂತೆ. ಅವಳು, "ಕೌದಿ ಮೂರು ಅಂಚು ಆಗೇತಿ. ನಾಕನೇದು ಅಕಿ ಬಂದಾಗ ಅಂತ ಬಿಟ್ಟೇನಿ, ಹೇಳ್ರಿ" ಎಂದಳು. ಅಪ್ಪ ಮರೆಯದೆ ಹೇಳಿದ. ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಮುಟ್ಟಿಸುವುದರಲ್ಲಿ ಅವನು ಎಂದೂ ತಪ್ಪಿದವನಲ್ಲ. ಅವ್ವ ಕೇಳಿ, "ಹೌದೇನ" ಎಂದಳು. ಆಯಿ ಅಲ್ಲೇ ಅಡಿಕೆ ಕತ್ತರಿಸುತ್ತಿದ್ದಳು. ಕೌದಿಯ ಅಂಚು ಹೊಲಿಯುವುದು ಆಯಿಗೆ ಒಪ್ಪಿಗೆಯಾಗುವ ಕಾರಣಗಳಲ್ಲಿ ಇರಲಿಲ್ಲ. ಅವ್ವ ಕೇಳಲೂ ಇಲ್ಲ.

ನಾನು ಸ್ಕೂಟರ್ ಕೊಂಡ ಮೇಲೆ ಎಷ್ಟೋ ವರ್ಷ ಆಫೀಸಿನ ಮುಂದೆ ಉತಾರ ಹುಡುಕಿ ನಿಲ್ಲಿಸುತ್ತಿದ್ದೆ. ಜೊತೆಯವರು, "ಮೇಡಂ, ಅದಕ್ಕೆ ಕಿಕ್ ಇದೆ" ಎಂದು ನಗುತ್ತಿದ್ದರು. ಇದೆ ಎಂದು ನನಗೂ ಗೊತ್ತಿತ್ತು.

ಹೇಳಬೇಕಾದದ್ದು ಇನ್ನೊಂದು ಉಳಿದಿದೆ. 1979ರ ಮಳೆಗಾಲದ ಒಂದು ಶನಿವಾರ ಬೆಳಿಗ್ಗೆ ಜೀಪಿನ ಹ್ಯಾಂಡ್ ಬ್ರೇಕು ಹಿಡಿಯಲಿಲ್ಲ. ನಮ್ಮ ಓಣಿಯಿಂದ ರೈಲು ಹಳಿಯ ಕಡೆಗೆ ಇರುವ ಸಣ್ಣ ಉತಾರದಲ್ಲಿ ಜೀಪು ತಾನಾಗಿ ಉರುಳತೊಡಗಿತು. ಅಪ್ಪ ಹಾರಿ ಕೂತು ನಿಲ್ಲಿಸಿ, ಕೆಳಗಿನಿಂದಲೇ, "ಬ್ರೇಕ ಹೋತು!" ಎಂದು ಕೂಗಿದ. ಮೈಕಿಲ್ಲದೆ ಅವನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ತೊಳೆದುಕೊಂಡಳು. ಒಳಗೆ ಹೋಗಿ ಸೀರೆ ಬದಲಿಸಿದಳು. ಬಚ್ಚಲ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಕಲ್ಲನ್ನು ತೊಳೆದು ಸೆರಗಿನಿಂದ ಒರೆಸಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಆಯಿಗೆ, "ಕಲ್ಲು ಇಡಾಕ ಹೊಂಟೇನ್ರಿ ಅತ್ತೀ" ಎಂದಳು. ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈಯಲ್ಲಿ ತುಂಡುಗಳ ಗಂಟು ಹಿಡಿದು ಕಟ್ಟೆಗೆ ಬಂದಳು.

ಅಷ್ಟರಲ್ಲಿ ಅಪ್ಪ ಓಣಿಯ ತುದಿಯ ಮೇಸ್ತ್ರಿಯನ್ನು ಕರೆತಂದಿದ್ದ. ಜೀಪಿನ ಸಾಮಾನು ಎಲ್ಲ ಕಡೆ ಸಿಗುತ್ತಿತ್ತು. ಮೇಸ್ತ್ರಿ ಗಾಡಿಯ ಕೆಳಗಿನಿಂದ ಮೈ ಹೊರಗೆಳೆದು, ಕೈ ಒರೆಸಿಕೊಂಡು, "ಬರೇ ತಂತಿ ಹರದಿತ್ರಿ, ಹಾಕೇನಿ" ಎಂದ. ಅಪ್ಪ ಸರಳು ಎಳೆದು ನೋಡಿದ. ಹಿಡಿಯಿತು. ತಲೆ ಎತ್ತಿದಾಗ ಕಟ್ಟೆಯ ಮೇಲೆ ಅವ್ವ ಕಂಡಳು.

"ಅಯ್ಯ, ಅದನ್ಯಾಕ ಹೊತಗೊಂಡು ಬಂದಿ? ಒಳಗ ನಡಿ, ಒಳಗ ನಡಿ. ಎಲ್ಲಾ ಸರಿ ಆತು."

ಗಂಟು ಟ್ರಂಕಿಗೆ ಹೋಯಿತು. ಕಲ್ಲು ಬಾಗಿಲಿಗೆ ಹೋಯಿತು. ಜೀಪು ಆ ದಿನ ತಿಕೋಟಾ, ಬಬಲೇಶ್ವರ ಎರಡೂ ಕಡೆ ಹೊತ್ತಿಗೆ ಸರಿಯಾಗಿ ಮುಟ್ಟಿತು.